ಕ್ಯಾಪ್ಟನ್ ತಪ್ಪಿದರೆ ಹೇಳುವವರಾರು?

ಮೇ ತಿಂಗಳ 22ನೇ ತಾರೀಖು ಬಂತೆಂದರೆ ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮನಸ್ಸು ಭಾರವಾಗುತ್ತದೆ. 2010ರ ಆ ಶನಿವಾರ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ, ದುಬೈನಿಂದ ಹೊರಟು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆ ನಿಲ್ದಾಣದ ರನ್‌ವೇ ಮೇಲೆ ಇಳಿದು, ನಿಲ್ಲಲಾರದೆ, ತುದಿ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದವರು 166 ಜನ. ಬದುಕಿ ಹೊರಬಂದವರು ಎಂಟೇ ಮಂದಿ. ಮನೆಯವರನ್ನು ಕರೆತರಲು ಹೂವು ಹಿಡಿದು ನಿಲ್ದಾಣಕ್ಕೆ ಬಂದವರೂ ಇದ್ದರು, ಮನೆಯಲ್ಲಿ ತಿಂಡಿಗೆ ಹಿಟ್ಟು ನೆನೆಸಿ ಕಾದವರೂ ಇದ್ದರು. ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದ ಕಡೆ, ಕೂಳೂರಿನ ಹತ್ತಿರ ಫಲ್ಗುಣಿ ನದಿಯ ದಂಡೆಯ ಮೇಲೆ, ಈಗ ಒಂದು ಸ್ಮಾರಕವಿದೆ.

ಓದುಗ ಸೋದರಿಯರೇ, ಹಳೆಯ ದುಃಖವನ್ನು ಕೆದಕಲೆಂದು ನಾನು ಇದನ್ನು ಬರೆಯುತ್ತಿಲ್ಲ. ಆ ವಿಮಾನದ ಬ್ಲ್ಯಾಕ್ ಬಾಕ್ಸ್‌ನಲ್ಲಿ ಸಿಕ್ಕಿದ ಒಂದು ಸಂಗತಿ ಬಹಳ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಯಂತ್ರ ಕೆಟ್ಟಿರಲಿಲ್ಲ. ಮಳೆ, ಬಿರುಗಾಳಿ ಇರಲಿಲ್ಲ. ಕಣ್ಣಿಗೆ ರನ್‌ವೇ ಕಾಣುತ್ತಿತ್ತು. ಪೈಲಟ್ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ ಹೀಗೆ ಇಳಿದರೆ ಅಪಾಯ ಅಂತ ಗೊತ್ತಾಗಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು. ಒಂದು ಸಲ ಅಲ್ಲ, ಮೂರು ಸಲ!

ಹಾಗಾದರೆ ಯಾಕೆ ಉಳಿಯಲಿಲ್ಲ?

ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿ ಇದನ್ನು ಬಿಡಿಸಿ ಹೇಳುತ್ತದೆ. ಕ್ಯಾಪ್ಟನ್ ಸೆರ್ಬಿಯಾ ದೇಶದವರು, ತುಂಬಾ ಅನುಭವಸ್ಥರು. ಪಕ್ಕದಲ್ಲಿದ್ದವರು ಅವರಿಗಿಂತ ಕಿರಿಯ ಸಹ ಪೈಲಟ್. ರಾತ್ರಿಯ ಹಾರಾಟ. ಧ್ವನಿ ಮುದ್ರಿಕೆಯಲ್ಲಿ ಮೊದಲ ಒಂದೂ ಮುಕ್ಕಾಲು ಗಂಟೆಯಷ್ಟು ಹೊತ್ತು ಇಬ್ಬರ ನಡುವೆ ಮಾತೇ ಇಲ್ಲ, ನಡುನಡುವೆ ಕೇಳುವುದು ಗೊರಕೆಯ ಸದ್ದು. ಕ್ಯಾಪ್ಟನ್ ನಿದ್ದೆ ಹೋಗಿದ್ದರು. ಎದ್ದ ಮೇಲೂ ಆ ಮಂಪರು ಪೂರಾ ಹರಿದಿರಲಿಲ್ಲವೇನೋ ಎನ್ನುತ್ತದೆ ವರದಿ. ನಡುರಾತ್ರಿ ಮಗು ಅತ್ತಾಗ ದಡಬಡಿಸಿ ಎದ್ದು, ಹಾಲಿನ ಬಾಟಲಿ ಎಲ್ಲಿಟ್ಟೆ ಅಂತ ನಿಂತಲ್ಲೇ ತಡಕಾಡುತ್ತೇವಲ್ಲ, ಅದೇ ಮಂಪರು. ಅಂಥಾ ಹೊತ್ತಿನಲ್ಲಿ ಅವರು ವಿಮಾನ ಇಳಿಸಬೇಕಾಗಿತ್ತು.

ಮಂಗಳೂರಿನದು ಮೇಜಿನ ಹಾಗೆ ಗುಡ್ಡದ ನೆತ್ತಿಯ ಮೇಲಿರುವ ರನ್‌ವೇ, ಆಚೆಗೆ ಕಣಿವೆ. ಅಂದು ನಿಲ್ದಾಣದ ರಾಡಾರ್ ಕೆಟ್ಟಿತ್ತು, ಹಾಗಾಗಿ ಕೆಳಗಿಳಿಯಲು ಅಪ್ಪಣೆ ಸಿಕ್ಕಿದ್ದೂ ಎಂದಿಗಿಂತ ತಡ. ಇಳಿಯುವ ದಾರಿಯಲ್ಲಿ ಇರಬೇಕಾದ ಎತ್ತರದ ಹತ್ತಿರ ಹತ್ತಿರ ಎರಡರಷ್ಟು ಎತ್ತರದಲ್ಲಿ ವಿಮಾನವಿತ್ತು. ಸಹ ಪೈಲಟ್ "ಗೋ ಅರೌಂಡ್" ಅಂದರು. ಅಂದರೆ, ಇಳಿಯುವುದು ಬೇಡ, ಮೇಲೆದ್ದು ಒಂದು ಸುತ್ತು ಹೊಡೆದು ಮತ್ತೆ ಬರೋಣ ಅಂತ. ಯಂತ್ರವೂ ತನ್ನ ದನಿಯಲ್ಲಿ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಎಂಟು ಸಾವಿರ ಅಡಿ ಚಿಲ್ಲರೆ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟುವಾಗ ಐದು ಸಾವಿರಕ್ಕೂ ಹೆಚ್ಚು ಅಡಿ ಹಿಂದೆ ಉಳಿದಿತ್ತು. ಆಗಲೂ ಬಲವಾಗಿ ಬ್ರೇಕು ಹಾಕಿದ್ದರೆ ನಿಲ್ಲಬಹುದಿತ್ತು ಎನ್ನುತ್ತದೆ ವರದಿ. ಆದರೆ ಅವರು ಅಷ್ಟರಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇಳಿಸಲು ಹೋದರು. ರನ್‌ವೇ ಉಳಿದಿಲ್ಲ ಅಂತ ಸಹ ಪೈಲಟ್ ಹೇಳಿದ್ದೂ ಮುದ್ರಿಕೆಯಲ್ಲಿದೆ.

ಇಲ್ಲಿ ಒಂದು ಪ್ರಶ್ನೆ ನಿಮಗೂ ಬರುತ್ತದೆ. ಸಹ ಪೈಲಟ್ ಮುಂದೆಯೂ ಅದೇ ಸ್ಟೇರಿಂಗು, ಅದೇ ಹಿಡಿಕೆಗಳು ಇರುತ್ತವಲ್ಲ, ಅವರೇ ಕೈಹಾಕಿ ವಿಮಾನವನ್ನು ಎತ್ತಬಾರದಿತ್ತೇ? ನಾನೂ ಹಾಗೇ ಅಂದುಕೊಂಡೆ. ಕ್ಯಾಪ್ಟನ್ ಇರುವಾಗ ಸಹ ಪೈಲಟ್ ತಾನಾಗಿ ಅಂಥ ತೀರ್ಮಾನ ತೆಗೆದುಕೊಳ್ಳಬಹುದೇ ಇಲ್ಲವೇ ಎಂಬ ಬಗ್ಗೆ ಆಗ ಇದ್ದ ಸೂಚನೆಗಳೇ ಅಸ್ಪಷ್ಟವಾಗಿದ್ದವು, ಬಹುಶಃ ಅದಕ್ಕೇ ಅವರು ಬಾಯಲ್ಲಿ ಹೇಳುತ್ತ ಉಳಿದರು, ಕೈ ಹಾಕಲಿಲ್ಲ ಎಂದು ವರದಿ ಹೇಳುತ್ತದೆ. ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹೇಳುವ ಧೈರ್ಯವಿತ್ತು, ತಿಳುವಳಿಕೆಯೂ ಇತ್ತು. ಹೇಳಿದ ಮೇಲೂ ಕೇಳದಿದ್ದರೆ ಮುಂದೇನು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಬೆಂಗಳೂರಿನಲ್ಲೇ ಆದದ್ದು

ಗವಿಪುರದ ನಮ್ಮ ಬೀದಿಯಲ್ಲಿ ನಡುವಯಸ್ಸು ದಾಟಿದವರನ್ನು ಕೇಳಿದರೆ ಇನ್ನೊಂದು ವಿಮಾನದ ನೆನಪು ಹೇಳುತ್ತಾರೆ. 1990ರ ಫೆಬ್ರವರಿ 14, ಬುಧವಾರ. ಆಗ ನಾನು ನಾಲ್ಕನೇ ಕ್ಲಾಸು. ಸ್ಕೂಲಿನಿಂದ ಬರುವಾಗ ಗವಿ ಗಂಗಾಧರೇಶ್ವರನ ಗುಡಿಯ ಹತ್ತಿರದ ಅಂಗಡಿಯ ಮುಂದೆ ಗಂಡಸರೆಲ್ಲ ರೇಡಿಯೋ ಸುತ್ತ ನಿಂತಿದ್ದರು. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಎಚ್.ಎ.ಎಲ್. ನಿಲ್ದಾಣಕ್ಕೆ ಮುಂಚೆಯೇ, ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದಿತ್ತು. ಆಗೆಲ್ಲ ಪ್ರಯಾಣಿಕರ ವಿಮಾನ ಬರುತ್ತಿದ್ದುದು ಅಲ್ಲಿಗೇ. ದೇವನಹಳ್ಳಿಯ ನಿಲ್ದಾಣವಾದದ್ದು 2008ರಲ್ಲಿ. 146 ಜನರಲ್ಲಿ 92 ಜನ ಹೋದರು. ನಮ್ಮಮ್ಮ ಅಂದು ರಾತ್ರಿ ಊಟ ಮಾಡಲಿಲ್ಲ. ನಮ್ಮ ನೆಂಟರು ಯಾರೂ ಅದರಲ್ಲಿರಲಿಲ್ಲ, ಆದರೂ.

ಅದು ಹೊಚ್ಚ ಹೊಸ ಏರ್‌ಬಸ್ ಎ-320 ವಿಮಾನ, ನಮ್ಮ ದೇಶಕ್ಕೆ ಬಂದು ಎರಡು ತಿಂಗಳಷ್ಟೇ ಆಗಿತ್ತು. ಆಕಾಶ ತಿಳಿಯಾಗಿತ್ತು. ಮುಂದೆ ಕೂತಿದ್ದ ಇಬ್ಬರೂ ಕ್ಯಾಪ್ಟನ್‌ಗಳೇ. ಒಬ್ಬರು ಪರೀಕ್ಷೆ ಕೊಡುತ್ತಿದ್ದವರು, ಇನ್ನೊಬ್ಬರು ಪರೀಕ್ಷೆ ಮಾಡುತ್ತಿದ್ದವರು. ಎಂಜಿನ್ನುಗಳು ಸಣ್ಣ ಉರಿಯಲ್ಲಿಟ್ಟ ಸ್ಟೋವಿನ ಹಾಗೆ ನಡೆಯುತ್ತಿದ್ದವು, ವೇಗವೂ ಎತ್ತರವೂ ಇಳಿಯುತ್ತಲೇ ಇದ್ದವು. ಯಂತ್ರ 400 ಅಡಿ, 300 ಅಡಿ, 200 ಅಡಿ ಎಂದು ಕೂಗಿದರೂ ಬೇಕಾದ ಹೊತ್ತಿಗೆ ಥ್ರಾಟಲ್ ಮುಂದೆ ತಳ್ಳಲಿಲ್ಲ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ ಕೊನೆಗೆ ಹೇಳಿದ್ದು ಇದನ್ನೇ: ಪರಿಸ್ಥಿತಿ ಎಷ್ಟು ಗಂಭೀರ ಅಂತ ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ.

ಅವರು ನೋಡುತ್ತಾರೆ ಅಂತ ಇವರು, ಇವರು ನೋಡುತ್ತಾರೆ ಅಂತ ಅವರು ಇದ್ದರೋ ಏನೋ. ಇದು ನನ್ನ ಊಹೆ, ವರದಿಯ ಮಾತಲ್ಲ. ಇಬ್ಬರು ಸೊಸೆಯಂದಿರಿರುವ ಮನೆಯಲ್ಲಿ ಹಾಲು ಉಕ್ಕುವುದು ಹಾಗೇ ಅಲ್ಲವೇ!

ಪಾಠ ಶುರುವಾದದ್ದು ಹೇಗೆ

ಈ ತೊಂದರೆ ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಪ್ರಪಂಚದ ಅತಿ ಘೋರ ವಿಮಾನ ದುರಂತ ಆಗಿದ್ದು 1977ರ ಮಾರ್ಚ್ 27ರಂದು, ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ. ಮಂಜು ಕವಿದಿತ್ತು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾಲೆಂಡಿನ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ, ಆ ಕಂಪನಿಯ ಬೇರೆ ಪೈಲಟ್‌ಗಳಿಗೆ ಪಾಠ ಹೇಳುವ ದೊಡ್ಡ ಗುರು. ಅವರು ಹೊರಟೇಬಿಟ್ಟಾಗ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರು, ಆ ಇನ್ನೊಂದು ವಿಮಾನ ದಾರಿಯಿಂದ ಆಚೆ ಹೋಗಿದೆಯೇ ಅಂತ ಕೇಳಿದರು. ಹೋಗಿದೆ ಅಂತ ಗಟ್ಟಿಯಾಗಿ ಉತ್ತರ ಬಂತು. ಮತ್ತೆ ಅವರು ಮಾತಾಡಲಿಲ್ಲ. ಅಷ್ಟು ದೊಡ್ಡವರು ಹೇಳಿದ ಮೇಲೆ ಇನ್ನೇನು ಕೇಳುವುದು?

ಮರುವರ್ಷ, 1978ರ ಡಿಸೆಂಬರಿನಲ್ಲಿ, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಇನ್ನೊಂದು. ಚಕ್ರ ಸರಿಯಾಗಿ ಕೆಳಗಿಳಿದಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಊರಿನ ಮೇಲೆ ಸುತ್ತು ಹೊಡೆಯುತ್ತಲೇ ಇದ್ದರು. ಇಂಧನ ಮುಗಿಯುತ್ತ ಬಂದಿದೆ ಎಂದು ಜೊತೆಯವರು ಹೇಳಿದ್ದು ಮೆಲ್ಲಗೆ, ಸುತ್ತಿ ಬಳಸಿ. ಕೊನೆಗೆ ಎಂಜಿನ್ನುಗಳು ಒಂದೊಂದಾಗಿ ಆರಿದವು. ಹತ್ತು ಜನ ಸತ್ತರು.

ವಿಮಾನವನ್ನು ಹಾರಿಸಲು ಕಲಿಸಿದರೆ ಸಾಲದು, ಒಬ್ಬರಿಗೊಬ್ಬರು ಮಾತಾಡಲೂ ಕಲಿಸಬೇಕು ಅನ್ನುವುದು ಆಗ ಅಲ್ಲಿಯವರಿಗೆ ಹೊಳೆಯಿತು. 1979ರಲ್ಲಿ ನಾಸಾ ಸಂಸ್ಥೆ ಇದಕ್ಕಾಗಿಯೇ ಒಂದು ಸಮ್ಮೇಳನ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ತರಗತಿ ಶುರು ಮಾಡಿತು. ಇದಕ್ಕೆ ಈಗ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು, ಚಿಕ್ಕದಾಗಿ ಸಿ.ಆರ್.ಎಂ. ಹಳೆಯ ಪೈಲಟ್‌ಗಳು ಮೊದಮೊದಲು ನಕ್ಕರಂತೆ, ನಮಗೆ ನಯವಿನಯ ಕಲಿಸುವ ಶಾಲೆಯೇ ಇದು ಅಂತ.

ನಗು ನಿಂತದ್ದು 1989ರ ಜುಲೈ 19ರಂದು. ಅದೇ ಯುನೈಟೆಡ್ ಕಂಪನಿಯ ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಒಡೆದು ಚೂರಾಯಿತು. ವಿಮಾನವನ್ನು ತಿರುಗಿಸಲು, ಏರಿಸಿ ಇಳಿಸಲು ಬೇಕಾದ ಹೈಡ್ರಾಲಿಕ್ ವ್ಯವಸ್ಥೆ ಮೂರಕ್ಕೆ ಮೂರೂ ಹೋಯಿತು. ಅದಕ್ಕೆ ಪುಸ್ತಕದಲ್ಲಿ ಪರಿಹಾರವೇ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಏನು ಮಾಡಿದರು ಗೊತ್ತೇ? ಎಲ್ಲರ ಮಾತನ್ನೂ ಕೇಳಿದರು. ಪ್ರಯಾಣಿಕರ ನಡುವೆ ರಜೆಯ ಮೇಲೆ ಕೂತಿದ್ದ ಡೆನ್ನಿಸ್ ಫಿಚ್ ಎಂಬ ತರಬೇತಿ ಪೈಲಟ್ ಸಹಾಯಕ್ಕೆ ಬರುತ್ತೇನೆ ಎಂದಾಗ ಒಳಗೆ ಕರೆಸಿ, ಉಳಿದ ಎರಡು ಎಂಜಿನ್ನುಗಳ ಹಿಡಿಕೆಯನ್ನು ಅವರ ಕೈಗೆ ಕೊಟ್ಟರು. ಒಂದು ಎಂಜಿನ್ ಹೆಚ್ಚಿಸಿ, ಇನ್ನೊಂದು ತಗ್ಗಿಸಿ, ಮುಕ್ಕಾಲು ಗಂಟೆ ಹತ್ತಿರ ಹಾಗೇ ತೂಗಿಸಿಕೊಂಡು ಸೂ ಸಿಟಿ ಎಂಬ ಊರಿನ ರನ್‌ವೇವರೆಗೆ ತಂದರು. ಇಳಿಯುವಾಗ ವಿಮಾನ ಮುರಿದು ಬಿತ್ತು, ನಿಜ. 112 ಜನ ಹೋದರು. ಆದರೆ ಒಬ್ಬರೂ ಉಳಿಯುವಂತಿರದಿದ್ದ ಕಡೆ 184 ಜನ ಉಳಿದರು. ಇದು ನನ್ನೊಬ್ಬನ ಕೆಲಸವಲ್ಲ, ಆ ತರಬೇತಿಯ ಫಲ ಎಂದೇ ಹೇನ್ಸ್ ಕೊನೆಯವರೆಗೂ ಊರೂರಿಗೆ ಹೋಗಿ ಭಾಷಣ ಮಾಡಿದರು.

ಪಕ್ಕದ ಬೀದಿಯ ಹುಡುಗಿ ಹೇಳಿದ್ದು

ನಮ್ಮ ದೇಶದಲ್ಲೂ ಈಗ ಪೈಲಟ್‌ಗಳಿಗೆ, ಗಗನಸಖಿಯರಿಗೆ ಈ ತರಬೇತಿ ಕಡ್ಡಾಯ. ಅದರಲ್ಲಿ ಏನೇನು ಹೇಳಿಕೊಡುತ್ತಾರೆ ಅಂತ ತಿಳಿದವರನ್ನೇ ಕೇಳಿದೆ. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ವಿಮಾನದಲ್ಲಿ ಕೆಲಸಕ್ಕಿದ್ದಾಳೆ. ಹೆಸರು ಬೇಡ ಆಂಟಿ ಅಂದಳು, ಹಾಗಾಗಿ ಬರೆಯುವುದಿಲ್ಲ. ಗವಿಪುರದ ವಠಾರದಲ್ಲಿ ಬೆಳೆದ ಹುಡುಗಿ, ಹಿರಿಯರ ಮುಂದೆ ದನಿ ಎತ್ತಬಾರದು ಅಂತ ಬೆಳೆಸಿದ ಮನೆ. "ಸ್ಲೈಡ್ ಮೇಲೆ ಜಾರೋದು, ಹೊಗೆ ತುಂಬಿದ ಕೋಣೆಯಲ್ಲಿ ತೆವಳೋದು ಎಲ್ಲಾ ಒಂದೇ ದಿನಕ್ಕೆ ಬಂತು ಆಂಟಿ. ಕ್ಯಾಪ್ಟನ್‌ಗೆ ಎದುರು ಹೇಳೋದು ಬರೋಕೆ ವಾರ ಬೇಕಾಯ್ತು" ಅಂದಳು.

"ಯಾಕೇ, ಬೈಯ್ತಾರಾ?"

"ಬೈಯ್ಯಲ್ಲ. ನಮ್ಮ ಬಾಯೇ ಬರಲ್ಲ. ಕ್ಲಾಸಲ್ಲಿ ಮೇಷ್ಟ್ರೇ ಕ್ಯಾಪ್ಟನ್ ಥರ ಕೂತ್ಕೋತಾರೆ. ಎಡಗಡೆ ಎಂಜಿನ್ನಲ್ಲಿ ಹೊಗೆ ಬರ್ತಿದೆ, ಫೋನಲ್ಲಿ ಹೇಳು ಅಂತಾರೆ. ನಾನು ಸಾರಿ ಸರ್, ತೊಂದರೆ ಕೊಡ್ತಿದ್ದೀನಿ ಸರ್, ಒಂದು ವಿಷಯ ಇತ್ತು ಸರ್ ಅಂತ ಶುರು ಮಾಡ್ದೆ. ನಿಲ್ಸು ಅಂದ್ರು. ಹತ್ತು ಸೆಕೆಂಡ್ ಆಯ್ತು, ಹೊಗೆ ಅನ್ನೋ ಮಾತು ಇನ್ನೂ ಬಂದಿಲ್ಲ ಅಂದ್ರು."

ಮೊದಲು ಕಂಡದ್ದು, ಎಲ್ಲಿ ಕಂಡದ್ದು. ಮರ್ಯಾದೆಯ ಮಾತೆಲ್ಲ ಆಮೇಲೆ. ಹೇಳುವುದಕ್ಕೂ ಮೆಟ್ಟಿಲುಗಳಿವೆಯಂತೆ. ಮೊದಲು ಕೇಳುವುದು: ನಾವು ಸ್ವಲ್ಪ ಎತ್ತರದಲ್ಲಿದ್ದೇವಲ್ಲವೇ? ಉತ್ತರ ಬರದಿದ್ದರೆ ನೇರವಾಗಿ ಹೇಳುವುದು: ಎತ್ತರ ಹೆಚ್ಚಾಗಿದೆ, ಹೀಗೇ ಹೋದರೆ ರನ್‌ವೇ ಸಾಲದು. ಆಮೇಲೆ ಏನು ಮಾಡಬೇಕೆಂದೇ ಹೇಳುವುದು: ಇಳಿಸಬೇಡಿ, ಮೇಲೆತ್ತಿ. ಪೈಲಟ್‌ಗಳ ನಡುವೆ, ಎರಡು ಸಲ ಎಚ್ಚರಿಸಿಯೂ ತಕ್ಕ ಉತ್ತರ ಬರಲಿಲ್ಲ ಅಂದರೆ ಆ ಇನ್ನೊಬ್ಬರಿಗೆ ಪ್ರಜ್ಞೆ ಸರಿಯಾಗಿಲ್ಲ ಎಂದೇ ತಿಳಿದು ವಿಮಾನವನ್ನು ಕೈಗೆ ತೆಗೆದುಕೊಳ್ಳುವುದು. ಅಲ್ಲಿ ಕಿರಿಯರು, ಹಿರಿಯರು ಅಂತಿಲ್ಲ.

ಕೈಗೆ ತೆಗೆದುಕೊಳ್ಳುವುದಕ್ಕೂ ಮಾತಿದೆ. ಒಬ್ಬರು "ಐ ಹ್ಯಾವ್ ಕಂಟ್ರೋಲ್" ಅನ್ನಬೇಕು, ಇನ್ನೊಬ್ಬರು "ಯೂ ಹ್ಯಾವ್ ಕಂಟ್ರೋಲ್" ಅನ್ನಬೇಕು. ಇದನ್ನು ಕೇಳಿ ನನಗೆ ನಗು ಬಂತು. ನಮ್ಮ ಕಡೆ ಮದುವೆ ಛತ್ರದ ಅಡಿಗೆಮನೆಯಲ್ಲಿ ಹುಳಿಯ ಕೊಪ್ಪರಿಗೆ ಇಳಿಸುವುದನ್ನು ನೋಡಿದ್ದೀರಾ? ಕುದಿಯುವ ಹುಳಿ, ಕೆಳಗೆ ನೀರು ಚೆಲ್ಲಿದ ಕಲ್ಲುನೆಲ, ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಒಬ್ಬರಿಂದ ಮತ್ತೊಬ್ಬರ ಕೈಗೆ ಬದಲಾಯಿಸುವಾಗ "ಹಿಡಿದೆ" ಅಂತ ಅವರು ಕೂಗುವವರೆಗೆ ಇವರು "ಬಿಟ್ಟೆ" ಅನ್ನುವುದಿಲ್ಲ. ಅಲ್ಲಿ ಮಾತ್ರ ಹತ್ತೊಂಬತ್ತರ ಸಹಾಯಕ ಹುಡುಗ ಅರವತ್ತರ ಮುಖ್ಯ ಭಟ್ಟರಿಗೆ "ನಿಲ್ಲಿ!" ಅಂತ ಚೀರಬಹುದು, ಭಟ್ಟರು ನಿಲ್ಲುತ್ತಾರೆ. ಅದೇ ಹುಡುಗ ಹುಳಿಗೆ ಉಪ್ಪು ಹೆಚ್ಚಾಯಿತು ಅಂದು ನೋಡಲಿ! ಕೈಕಾಲು ಸುಡುವ ಕೆಲಸದಲ್ಲಿ ಯಾರು ಬೇಕಾದರೂ ಹೇಳಬಹುದು ಅನ್ನುವುದನ್ನು ಅಡಿಗೆಯವರು ಯಾವ ಕ್ಲಾಸೂ ಇಲ್ಲದೆ ಕಲಿತಿದ್ದಾರೆ.

ಆ ಹುಡುಗಿ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ತುರ್ತು ಸಂದರ್ಭದಲ್ಲಿ ಕ್ಯಾಪ್ಟನ್ ಅವರನ್ನು ಕರೆದು ನಾಲ್ಕು ವಿಷಯ ಹೇಳುತ್ತಾರೆ: ಏನಾಗಿದೆ, ಏನು ಮಾಡುತ್ತೇವೆ, ಎಷ್ಟು ಹೊತ್ತಿದೆ, ಇನ್ನೇನಾದರೂ ವಿಶೇಷ ಸೂಚನೆ. ಕೇಳಿದವರು ತಲೆಯಾಡಿಸಿ ಹೋಗುವಂತಿಲ್ಲ, ಅದೇ ನಾಲ್ಕನ್ನೂ ತಿರುಗಿ ಒಪ್ಪಿಸಬೇಕು. ಕೈಗಡಿಯಾರಗಳನ್ನೂ ಸರಿ ನೋಡಿಕೊಳ್ಳುತ್ತಾರಂತೆ. ಮನೆಯಲ್ಲಿ ನಮ್ಮವರಿಗೆ ಔಷಧಿ ಅಂಗಡಿಗೆ ಹೋಗುವಾಗ ಹೇಳಿದ್ದನ್ನು ತಿರುಗಿ ಹೇಳಿ ಅಂತ ನಾನೂ ಕೇಳಿ ನೋಡಿದೆ. ಮುಖ ಊದಿಸಿಕೊಂಡರು, ಆದರೆ ಸರಿಯಾದ ಮಾತ್ರೆ ತಂದರು.

ಗಗನಸಖಿಯರಿಗೂ ಪೈಲಟ್‌ಗಳಿಗೂ ಒಂದೇ ಕೋಣೆಯಲ್ಲಿ ಪಾಠ ಯಾಕೆ ಅಂತ ಕೇಳಿದೆ. ಅದಕ್ಕವಳು ಇಂಗ್ಲೆಂಡಿನ ಕೆಗ್‌ವರ್ತ್ ಕತೆ ಹೇಳಿದಳು. 1989ರ ಜನವರಿ 8. ವಿಮಾನದ ಎಡಗಡೆ ಎಂಜಿನ್ ಕೆಟ್ಟು ಕಿಡಿ ಬರುತ್ತಿತ್ತು. ಪೈಲಟ್‌ಗಳು ಬಲಗಡೆಯದು ಕೆಟ್ಟಿದೆ ಎಂದು ತಿಳಿದು, ಚೆನ್ನಾಗಿದ್ದ ಎಂಜಿನ್ನನ್ನೇ ಆರಿಸಿದರು. ಬಲಗಡೆ ಎಂಜಿನ್ನಿಗೆ ತೊಂದರೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ್ದೂ ಆಯಿತು. ಹಿಂದೆ ಕೂತ ಎಷ್ಟೋ ಪ್ರಯಾಣಿಕರು ಎಡಗಡೆಯ ಬೆಂಕಿಯನ್ನು ಕಣ್ಣಾರೆ ನೋಡಿದ್ದರು, ಒಳಗಿನ ಸಿಬ್ಬಂದಿಯಲ್ಲೂ ನೋಡಿದವರಿದ್ದರು. ಎಡ ಅಲ್ಲವೇ ಬಲ ಅಂತಾರಲ್ಲ ಅಂತ ಗೊಂದಲಪಟ್ಟರೂ ಯಾರೂ ಎದ್ದು ಹೋಗಿ ಹೇಳಲಿಲ್ಲ. ದೊಡ್ಡವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡರು. 47 ಜನ ಸತ್ತರು. ಒಂದು ಬಾಗಿಲಿನ ಆಚೆಗಿದ್ದವರಿಗೆ ಒಂದು ಮಾತು ತಲುಪಿದ್ದರೆ!

ಆಸ್ಪತ್ರೆಗೂ ಬಂತು

ವಿಮಾನ ಹತ್ತದವರೂ ಆಸ್ಪತ್ರೆಗೆ ಹೋಗಲೇಬೇಕಲ್ಲ. ಆಪರೇಷನ್ ಕೋಣೆಯೂ ಪೈಲಟ್ ಕೋಣೆಯ ಹಾಗೇ. ಒಬ್ಬರು ದೊಡ್ಡ ಡಾಕ್ಟರು, ಸುತ್ತ ಉಳಿದವರು, ಕಂಡರೂ ಹೇಳಲು ಹಿಂಜರಿಕೆ. ವಿಮಾನದವರಿಂದ ಕಲಿತು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಮಾಡಿತು. ಮೂರು ಕಡೆ ನಿಂತು ಓದಬೇಕು: ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿಯನ್ನು ಕೋಣೆಯಿಂದ ಹೊರಗೆ ಕಳಿಸುವ ಮುಂಚೆ. ಕತ್ತರಿ, ಸೂಜಿ, ಹತ್ತಿಬಟ್ಟೆಗಳ ಲೆಕ್ಕ ಸರಿಯಿದೆಯೇ ಎಂಬುದೂ ಅದರಲ್ಲಿದೆ. ನನಗೆ ವಿಚಿತ್ರ ಅನಿಸಿದ್ದು ಏನೆಂದರೆ, ಕೊಯ್ಯುವ ಮುಂಚೆ ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ಇದೇನು ಮದುವೆ ಮನೆಯ ಪರಿಚಯವೇ ಅನಿಸಬಹುದು. ಒಮ್ಮೆ ಬಾಯಿ ಬಿಟ್ಟವರು ಮತ್ತೊಮ್ಮೆ ಬಿಡುವುದು ಸುಲಭ, ಅದಕ್ಕೆ.

ದೆಹಲಿಯೂ ಸೇರಿ ಎಂಟು ದೇಶಗಳ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಮುಂಚೆ ನೂರರಲ್ಲಿ ಒಂದೂವರೆ ರೋಗಿಗಳು ಸಾಯುತ್ತಿದ್ದ ಕಡೆ ಆಮೇಲೆ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಒಂದು ಹಾಳೆ.

ನಮ್ಮ ನಾದಿನಿಗೆ ಪಿತ್ತಕೋಶದ ಆಪರೇಷನ್ ಆದಾಗ ನರ್ಸು ಮೂರು ಸಲ ಬಂದು ನಿಮ್ಮ ಹೆಸರೇನು, ಯಾವ ಆಪರೇಷನ್, ಯಾವ ಔಷಧಿ ಒಗ್ಗುವುದಿಲ್ಲ ಅಂತ ಕೇಳಿದಳು. "ಏನ್ರೀ ಅತ್ತಿಗೆ ಇವರು, ನನ್ನ ಹೆಸರೇ ಗೊತ್ತಿಲ್ಲದೆ ಕೊಯ್ಯೋಕೆ ಹೊರಟಿದ್ದಾರಾ?" ಅಂತ ನಾದಿನಿ ಗಾಬರಿಯಾದಳು. ಗಾಬರಿ ಬೇಡ. ಕೇಳುವುದೇ ಒಳ್ಳೆಯದು. ನಿಮ್ಮ ಮನೆಯವರಿಗೆ ಆಪರೇಷನ್ ಇದ್ದರೆ, ಕೇಳದಿದ್ದರೆ ನೀವೇ ಹೇಳಿ. ಎಡಗಣ್ಣೋ ಬಲಗಣ್ಣೋ, ಎಡಮಂಡಿಯೋ ಬಲಮಂಡಿಯೋ, ಗುರುತು ಹಾಕಿದ್ದಾರಾ ಅಂತ ನೋಡಿ. ಡಾಕ್ಟರಿಗೆ ಅವಮಾನವಾಗುತ್ತದೆ ಅಂತ ಸುಮ್ಮನಿರಬೇಡಿ.

ಕಾಗದದ ಮೇಲಿದ್ದರೆ ಸಾಕೇ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ವಿಷಯ ಬಚ್ಚಿಡುವುದು ಸರಿಯಲ್ಲ. ಮಂಗಳೂರಿನ ದುರಂತವಾಗಿ ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು, ಮತ್ತೆ ದುಬೈನಿಂದ ಬಂದ ಅದೇ ಕಂಪನಿಯ ವಿಮಾನ, ಅದೇ ರೀತಿ ಗುಡ್ಡದ ಮೇಲಿನ ಕೋಳಿಕ್ಕೋಡ್ ನಿಲ್ದಾಣದಲ್ಲಿ, ಸುರಿಯುವ ಮಳೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. ಕೋವಿಡ್ ಕಾಲ, ಊರಿಗೆ ಮರಳುತ್ತಿದ್ದವರು. 190 ಜನರಲ್ಲಿ 21 ಜನ ಸತ್ತರು, ಇಬ್ಬರು ಪೈಲಟ್‌ಗಳೂ ಅದರಲ್ಲಿ ಸೇರಿದ್ದರು. ತನಿಖೆಯ ವರದಿ ಓದಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿಯೂ ಸಹ ಪೈಲಟ್ "ಗೋ ಅರೌಂಡ್" ಅಂದಿದ್ದರು. ಅಲ್ಲಿಯೂ ಕ್ಯಾಪ್ಟನ್ ಬಹಳ ಅನುಭವಸ್ಥರು. ಅಲ್ಲಿಯೂ ಸಹ ಪೈಲಟ್ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಇಬ್ಬರೂ ತರಬೇತಿ ಆದವರೇ.

ನನಗನ್ನಿಸುವುದು ಇಷ್ಟು. ಚಿಕ್ಕಂದಿನಿಂದ ಇಪ್ಪತ್ತು ವರ್ಷ ಮನೆಯಲ್ಲಿ, ಶಾಲೆಯಲ್ಲಿ "ದೊಡ್ಡವರಿಗೆ ಎದುರಾಡಬೇಡ" ಅಂತ ಕಲಿಸಿ, ಆಮೇಲೆ ಎರಡು ದಿನದ ಕ್ಲಾಸಿನಲ್ಲಿ "ಎದುರಾಡು" ಅಂದರೆ ನಾಲಿಗೆ ಒಮ್ಮೆಗೇ ತಿರುಗುವುದಿಲ್ಲ. ಅದಕ್ಕೇ ಈ ಪಾಠ ವರ್ಷ ವರ್ಷವೂ ಇರಬೇಕು. ಸಿಮ್ಯುಲೇಟರ್ ಅಂತ ವಿಮಾನದ ಹಾಗೇ ಅಲುಗಾಡುವ ಕೋಣೆ ಇರುತ್ತದೆ. ಅದರಲ್ಲಿ ಇಬ್ಬರನ್ನೂ ಕೂರಿಸಿ ಒಂದು ಪೂರ್ತಿ ಪ್ರಯಾಣ ಮಾಡಿಸುತ್ತಾರೆ. ನಡುವೆ ಏನಾದರೊಂದು ಕೆಡಿಸುತ್ತಾರೆ. ಮೇಷ್ಟ್ರು ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಕೂರಿಸಿಕೊಂಡು, ನೀನು ಇಲ್ಲಿ ಕಂಡೆ, ಇಲ್ಲಿ ಸುಮ್ಮನಾದೆ, ಯಾಕೆ ಅಂತ ಕೇಳುತ್ತಾರೆ. ಕೇಳಿಸಿಕೊಳ್ಳದ ಕ್ಯಾಪ್ಟನ್ನಿಗೂ ಅಷ್ಟೇ ಕೇಳುತ್ತಾರೆ. ನನ್ನ ಪ್ರಕಾರ ಪಾಠ ಹೆಚ್ಚು ಬೇಕಾಗಿರುವುದು ಇವರಿಗೇ! ಹೊರಡುವ ಮುಂಚೆಯೇ "ನಾನು ತಪ್ಪಿದರೆ ಹೇಳಿ, ನನಗೆ ಬೇಜಾರಿಲ್ಲ" ಅಂತ ಬಾಯಿಬಿಟ್ಟು ಹೇಳುವ ಕ್ಯಾಪ್ಟನ್ ಜೊತೆ ಹೋಗುವುದೇ ಬೇರೆ ಅಂದಳು ನಮ್ಮ ಹುಡುಗಿ. ಅಂಥವರ ಹೆಸರು ಡ್ಯೂಟಿ ಪಟ್ಟಿಯಲ್ಲಿ ನೋಡಿದರೆ ಬೆಳಗಿನ ಜಾವ ಏಳುವುದೂ ಕಷ್ಟ ಅನ್ನಿಸುವುದಿಲ್ಲವಂತೆ.

ಪಾಠ ಸರಿಯಾಗಿ ಇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಹತ್ತಿರದ ಉದಾಹರಣೆ ಇದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಪಡೆಯ ಚಿಕ್ಕ ವಿಮಾನಕ್ಕೆ ಬಡಿದು ಬೆಂಕಿ ಹತ್ತಿಕೊಂಡಿತು. ಆ ಚಿಕ್ಕ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡದರಲ್ಲಿ 379 ಜನ. ಒಳಗಿನ ಮೈಕು ಕೆಲಸ ಮಾಡಲಿಲ್ಲ. ಎಂಟು ಬಾಗಿಲುಗಳಲ್ಲಿ ಮೂರರಿಂದ ಮಾತ್ರ ಹೊರಗೆ ಹೋಗಬಹುದಿತ್ತು. ಕಿಟಕಿಯಲ್ಲಿ ಬೆಂಕಿ ನೋಡಿ, ಈ ಬಾಗಿಲು ಬೇಡ, ಆ ಬಾಗಿಲು ಅಂತ ಸಿಬ್ಬಂದಿಯ ಹೆಣ್ಣುಮಕ್ಕಳು ಕೂಗಿ ಹೇಳಿ, ಮೆಗಾಫೋನು ಹಿಡಿದು, ಚೀಲ ಮುಟ್ಟಬೇಡಿ ಅಂತ ಗದರಿಸಿ, 379 ಜನರನ್ನೂ ಇಳಿಸಿದರು. ಆಮೇಲೆ ವಿಮಾನ ಪೂರಾ ಸುಟ್ಟು ಬೂದಿಯಾಯಿತು.

ಈಚೆಗೆ ನಮ್ಮಂಥವರೂ ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಂತ ವಿಮಾನ ಹತ್ತುತ್ತೇವೆ. ಆ ಹುಡುಗಿ ನಿಮಗೆಂದೇ ಹೇಳಿದ್ದನ್ನು ಬರೆಯುತ್ತೇನೆ. ಕೂತ ಕೂಡಲೇ ಹತ್ತಿರದ ಬಾಗಿಲು ಎಷ್ಟು ಸಾಲು ಮುಂದೆ, ಎಷ್ಟು ಸಾಲು ಹಿಂದೆ ಅಂತ ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಸೀಟು ಮುಟ್ಟಿ ಲೆಕ್ಕ ಹಾಕಬಹುದು. ಹೊಗೆ, ಬೆಂಕಿ, ಸುಟ್ಟ ವಾಸನೆ, ವಿಚಿತ್ರ ಸದ್ದು, ಏನೇ ಕಂಡರೂ ಕೇಳಿದರೂ ತಲೆಯ ಮೇಲಿನ ಗಂಟೆಯ ಗುಂಡಿ ಒತ್ತಿ. ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ, ಕೈಮಾಡಿ ತೋರಿಸಿ. ಎಡವೋ ಬಲವೋ, ರೆಕ್ಕೆಯ ಮುಂದೋ ಹಿಂದೋ ಹೇಳಿದರೆ ಸಾಕು. ಅದು ಸುಳ್ಳೇ ಆದರೂ ಯಾರೂ ನಗುವುದಿಲ್ಲ. ಇನ್ನು ಇಳಿಯಿರಿ ಅಂದಾಗ ಉಪ್ಪಿನಕಾಯಿ ಭರಣಿ, ಚಟ್ನಿಪುಡಿ ಡಬ್ಬಿ, ಒಡವೆಯ ಚೀಲ, ಯಾವುದನ್ನೂ ತೆಗೆಯಲು ನಿಲ್ಲಬೇಡಿ. ಇದನ್ನು ಹೇಳುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಯಾಕೋ!

ಬರುವ ತಿಂಗಳು ಅವಳಿಗೆ ಮತ್ತೆ ವರ್ಷದ ತರಬೇತಿಯಂತೆ. ಈ ಸಲ ಹೊಸದಾಗಿ ಸೇರಿದ ಹುಡುಗಿಯರ ಜೊತೆ ಕೂರಿಸುತ್ತಾರೆ, ಮೇಷ್ಟ್ರ ಬದಲು ಫೋನಿನ ಆ ಕಡೆ ಕ್ಯಾಪ್ಟನ್ ಆಗಿ ಕೂರಲು ಅವಳಿಗೇ ಹೇಳಿದ್ದಾರೆ. ಸಾರಿ ಸರ್ ಅಂತ ಶುರು ಮಾಡಿದವರನ್ನು ಎಷ್ಟು ಸೆಕೆಂಡಿಗೆ ನಿಲ್ಲಿಸುತ್ತೀಯೇ ಅಂದೆ.

"ಮೂರಕ್ಕೆ ಆಂಟಿ" ಅಂದಳು.